ಹದಿನೆಂಟನೇ ಲೆವೆಲ್ಲಿನ ಮೂರು ಬೆಲ್ಲು

ಗಣಿಯಲ್ಲಿ ಜನರ ಕೇಜು ಏರಿಸಿ ಇಳಿಸುವ ಯಂತ್ರಕ್ಕೆ ಹೊಸ ಪ್ರೋಗ್ರಾಮು ಬರೆಸಿ, ಪರೀಕ್ಷೆ ಮಾಡಿಸಿ, ಒಪ್ಪಿಗೆ ತರಲು ತೊಂಬತ್ತು ಕೋಟಿ ರೂಪಾಯಿ, ಅದರ ಮೇಲೆ ಐದು ತಿಂಗಳು ಗಣಿ ಬಂದ್. ಹಳೆಯ ಪ್ರೋಗ್ರಾಮನ್ನೇ ಹೊಸ ಕಂಪ್ಯೂಟರಿನೊಳಗೆ ಕೂರಿಸುವ ಡಬ್ಬಿಗೆ ಎರಡು ಕೋಟಿ, ಒಂದು ಭಾನುವಾರ ಬಂದ್. ಯಂತ್ರ ನಡುವೆ ಒಮ್ಮೆ ಮುಷ್ಕರ ಹೂಡಿದ ಎತ್ತಿನ ಹಾಗೆ ನಿಂತುಬಿಟ್ಟರೆ ಮತ್ತೆ ಎಬ್ಬಿಸಲು ಹನ್ನೊಂದು ನಿಮಿಷ. ಹನ್ನೊಂದು ನಿಮಿಷಕ್ಕೆ ನಾಲ್ಕು ಲಕ್ಷದ ಅದಿರು. ಕೆಲಸದಲ್ಲಿ ಒಬ್ಬ ಸತ್ತರೆ, ಕಂಪನಿಯ ತಪ್ಪಿದ್ದರೆ ಅರವತ್ತು ಲಕ್ಷ. ಜೊತೆ ಕೆಲಸದವನ ತಪ್ಪಿದ್ದರೆ ಇಪ್ಪತ್ತು.

ಇಷ್ಟು ಲೆಕ್ಕ ತಿಳಿದವರಿಗೆ ಹುಸೇನಪ್ಪ ಹೇಗೆ ಸತ್ತ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಯಾಕೆಂದರೆ ಕಾಗದದಲ್ಲಿ ಬೇರೆ ಬರೆದಿದ್ದರು.

ನಮ್ಮದು ಬೂದಿಗುಡ್ಡದ ಚಿನ್ನದ ಗಣಿ, ರಾಯಚೂರು ಸೀಮೆ. ಎರಡು ಸಾವಿರದ ಏಳುನೂರು ಮೀಟರ್ ಆಳ, ಇಪ್ಪತ್ತೆರಡು ಲೆವೆಲ್ಲು. ಕೆಳಗಿನ ಲೆವೆಲ್ಲುಗಳಲ್ಲಿ ಬಂಡೆಗೆ ಅಂಗೈ ಇಟ್ಟರೆ ಹಂಚಿಗೆ ಇಟ್ಟ ಹಾಗೆ. ಅಷ್ಟು ಆಳದಿಂದ ಮನುಷ್ಯ ಮೇಲೆ ಬರುವುದು ಕೇಜಿನಲ್ಲಿ, ಕೇಜು ಏಳುವುದು ಬೆಲ್ಲಿನಿಂದ. ಪ್ರತಿ ಲೆವೆಲ್ಲಿನಲ್ಲೂ ಬೆಲ್ಲಿನವರೊಬ್ಬರು ಇರುತ್ತಾರೆ. ಒಂದು ಬೆಲ್ಲು ಹೊಡೆದರೆ ನಿಲ್ಲಿಸು. ಎರಡು ಹೊಡೆದರೆ ಇಳಿಸು. ಮೂರು ಹೊಡೆದರೆ ಜನ ಹತ್ತಿದ್ದಾರೆ, ಗೇಟು ಹಾಕಿದೆ, ಎಳೆ. ಗೇಟು ಹಾಕಿದರೆ ಮಾತ್ರ ಬೆಲ್ಲು ಕೆಲಸ ಮಾಡುವಂತೆ ಹಳಬರು ತಾಮ್ರದ ತಂತಿ ಎಳೆದಿದ್ದರು. ಹಾಗಾಗಿ ಯಂತ್ರಕ್ಕೆ ಬೇರೆ ಏನನ್ನೂ ಕೇಳುವ ಜರೂರಿ ಇರಲಿಲ್ಲ. ಬೆಲ್ಲು ಬಂತೆಂದರೆ ಎಲ್ಲ ಸರಿಯಿದೆ ಎಂದೇ ಅರ್ಥ.

ನಾನು ಇಪ್ಪತ್ತಾರು ವರ್ಷ ಬೆಲ್ಲು ಹೊಡೆದೆ. ಡಬ್ಬಿ ಬಂದ ಮೇಲೆ ಗೇಟಿಗೆ ಕಟ್ಟಿದ್ದ ಆ ತಂತಿ ಕಿತ್ತುಹಾಕಿ, ನನ್ನನ್ನು ಮೇಲಿನ ಯಂತ್ರದ ಕೋಣೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಯಂತ್ರ ನಡೆಸುವವನ ಜೊತೆ ಇನ್ನೊಬ್ಬರು ಇರಬೇಕೆಂಬ ಕಾನೂನಿದೆಯಲ್ಲ, ಅದಕ್ಕೆ.

ಅಂದು ಬೆಳಗಿನ ಹತ್ತು ನಲವತ್ತೆರಡು. ಯಂತ್ರ ನಡೆಸುವ ಖಾಜಾ ತನ್ನ ಮಗಳ ಪರೀಕ್ಷೆಯ ಸುದ್ದಿ ಹೇಳುತ್ತಿದ್ದ. ಹದಿನೆಂಟನೇ ಲೆವೆಲ್ಲಿಗೆ ಕೇಜು ಹೋಗಿ ನಿಂತಿತ್ತು. ಪರದೆಯ ಮೇಲೆ ಮೂರು ಬೆಲ್ಲು ಬಿತ್ತು. ಖಾಜಾ ಮಾತು ನಿಲ್ಲಿಸದೆ ಹಿಡಿಕೆ ಎಳೆದ. ಎಳೆದು ಹತ್ತು ಎಣಿಸುವುದರೊಳಗೆ ಫೋನಿನಲ್ಲಿ ಕೂಗು ಬಂತು. ಅದು ಮೌನೇಶನ ದನಿ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಮನುಷ್ಯನ ದನಿ ಹಾಗೆ ಇರುವುದಿಲ್ಲ.

ಹದಿನೆಂಟರ ಬೆಲ್ಲಿನವನು ಮೌನೇಶ. ಅವನಿಗೆ ಬೆಲ್ಲು ಕಲಿಸಿದವಳು ನಾನೇ. ಸತ್ತ ಹುಸೇನಪ್ಪ ಅವನ ಹೆಂಡತಿ ಶರಣಮ್ಮನ ಸ್ವಂತ ಅಣ್ಣ. ಡ್ರಿಲ್ಲಿನ ರಾಡೊಂದು ಕೇಜಿನ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಹುಸೇನಪ್ಪನ ಒಂದು ಕಾಲು ಕೇಜಿನೊಳಗೆ, ಒಂದು ಹೊರಗೆ. ಮೌನೇಶ ಹೊರಗಿನಿಂದ ರಾಡು ಎತ್ತಿ ಹಿಡಿದಿದ್ದ. ಗೇಟು ತೆರೆದೇ ಇತ್ತು. ಕೇಜು ಎದ್ದಿತು.

ಮೂರನೇ ದಿನಕ್ಕೆ ಮ್ಯಾನೇಜರ್ ನಾಡಗೌಡ ನೋಟಿಸು ಹಚ್ಚಿಸಿದ: ಬೆಲ್ಲಿನವನ ಅಜಾಗರೂಕತೆಯಿಂದ ಸಾವು, ಗೇಟು ಹಾಕದೆ ಸೂಚನೆ ಕೊಡಲಾಗಿದೆ, ದಾಖಲೆ ಲಗತ್ತಿಸಿದೆ. ದಾಖಲೆಯಲ್ಲಿ ಸ್ಪಷ್ಟವಾಗಿ ಇತ್ತು. ಹತ್ತು ನಲವತ್ತೆರಡು, ಹದಿನೆಂಟು, ಮೂರು ಬೆಲ್ಲು. ಕೇಜಿನೊಳಗಿದ್ದ ಐದು ಜನ ಬೆಲ್ಲು ಕೇಳಿಸಲಿಲ್ಲ ಎಂದರು. ನಾಡಗೌಡ ನಕ್ಕ.

"ಡ್ರಿಲ್ಲಿನ ಸಪ್ಪಳದಾಗ ನಿಮಗ ನಿಮ್ಮ ಹೆಸರರ ಕೇಳ್ತದೇನು?" ಎಂದ. "ಮಂದಿ ಮಂದೀನ ಉಳಿಸ್ತಾರ. ಯಂತ್ರಕ್ಕ ಬೀಗರಿಲ್ಲ, ಬಿಜ್ಜರಿಲ್ಲ."

ಮೌನೇಶನ ಮನೆಗೆ ಹೋದೆ. ಶರಣಮ್ಮ ರೊಟ್ಟಿ ಬಡಿಯುತ್ತಿದ್ದಳು. ಬೇಯಿಸಿದ್ದನ್ನು ತಾಟಿನಲ್ಲಿಟ್ಟು, ಗಂಡನ ಕೈಗೆ ಕೊಡದೆ ಹೊಸ್ತಿಲ ಮೇಲೆ ಇಟ್ಟು ಒಳಗೆ ಹೋದಳು. ನಾಯಿಗೆ ಇಡುವ ಹಾಗೆ. ಅವನು ಅದನ್ನು ಮುಟ್ಟಲಿಲ್ಲ.

"ಎಷ್ಟು ದಿನಾತು ಹಿಂಗ?" ಎಂದು ಕೇಳಿದೆ.

"ಮಣ್ಣು ಮಾಡಿ ಬಂದಾಗಿಂದ." ಅವನು ಎರಡೂ ಅಂಗೈ ನನ್ನ ಮುಂದೆ ಹಿಡಿದ. ರಾಡು ಉಜ್ಜಿ ಚರ್ಮ ಕಿತ್ತು ಹೋಗಿತ್ತು. "ಎರಡೂ ಕೈ ರಾಡಿನ ಮ್ಯಾಲಿದ್ದುವಕ್ಕಾ. ಬೆಲ್ ಹೊಡ್ಯಾಕ ಮೂರನೇ ಕೈ ಎಲ್ಲಿಂದ ತರ್ಲಿ ನಾ?"

ಒಳಗಿನಿಂದ ಶರಣಮ್ಮ ಅಂದಳು: "ಅಯ್ಯಮ್ಮಕ್ಕಾ, ಅಂವ ಹೇಳಿದ್ದು ಕೇಳಿದಿ. ಕಾಗದ ಹೇಳಿದ್ದೂ ಕೇಳು. ಕಾಗದಕ್ಕ ನಮ್ಮಣ್ಣನ ಮ್ಯಾಲ ಏನು ಹಗಿ ಇತ್ತು? ಸುಳ್ಳು ಯಾಕ ಹೇಳತದ ಅದು?"

ದಾರಿಯುದ್ದಕ್ಕೂ ಅದೇ ಪ್ರಶ್ನೆ ತಿರುವಿಹಾಕುತ್ತ ಮನೆಗೆ ಬಂದೆ. ಬೆಲ್ಲು ಹೊಡೆಯದೆ ಬೆಲ್ಲು ಬರುವುದು ಹೇಗೆ? ಅದನ್ನು ತಿಳಿದವರು ಇದ್ದದ್ದು ಒಬ್ಬರೇ.

ಡಬ್ಬಿ ಕೂರಿಸಿದ ಹುಡುಗಿ ಸುಚೇತಾ. ತನಿಖೆಗೆ ದಾಖಲೆಯ ಪ್ರತಿ ತೆಗೆಯಲು ಬೆಂಗಳೂರಿನಿಂದ ಬಂದಿದ್ದಳು. ಯಂತ್ರದ ಕೋಣೆಯಲ್ಲಿ ಅವಳಿಗೆ ಚಹಾ ಕೊಟ್ಟು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಟ್ಟೆ. ಹಸಿದಿದ್ದಳು. ತಿನ್ನುವಾಗ ಮನುಷ್ಯರು ಸುಳ್ಳು ಹೇಳುವುದು ಕಡಿಮೆ.

"ನಿನ್ನ ಡಬ್ಬಿ ಏನು ಮಾಡ್ತದವ್ವಾ? ನನಗ ತಿಳಿಯೂಹಂಗ ಹೇಳು."

"ಹಳೇ ಪ್ರೋಗ್ರಾಮ್ ತೊಂಬತ್ತಾರನೇ ಇಸವೀದು ಅಮ್ಮಾ. ಅರವತ್ತೆರಡು ವರ್ಷ ಆಯ್ತು. ಆಗಿನ ಪ್ರೋಗ್ರಾಮುಗಳು ತಂತಿ ಜೊತೆ ನೇರವಾಗಿ ಮಾತಾಡ್ತಿದ್ವು. ಈಗಿನ ಕಂಪ್ಯೂಟರ್ ಯಾರನ್ನೂ ತಂತಿ ಮುಟ್ಟೋಕೆ ಬಿಡಲ್ಲ. ಅದಕ್ಕೆ ನಾವು ಮಧ್ಯದಲ್ಲಿ ಕೂತ್ಕೊಂಡು, ಹಳೆಯದು ಏನು ಕೇಳುತ್ತೋ ಅದನ್ನ ಹಿಡಿದು, ಹೊಸದಕ್ಕೆ ಹೇಳಿ, ಉತ್ತರ ತಂದು ಹಳೇ ಭಾಷೇಲಿ ಕೊಡ್ತೀವಿ."

"ಬೆಲ್ಲು?"

"ಅದು ಇಂಟರಪ್ಟ್. ಈಗ ನೀವು ರೊಟ್ಟಿ ಬಡೀತಾ ಇರ್ತೀರ, ಯಾರೋ ಬಾಗಿಲು ತಟ್ತಾರೆ. ಹಂಚು ಇಳಿಸಿ, ಹೋಗಿ ನೋಡಿ, ಬಂದು ಮತ್ತೆ ಬಡೀತೀರಲ್ಲ? ಪ್ರೋಗ್ರಾಮೂ ಅಷ್ಟೇ. ಅದಕ್ಕೆ ನಂಬರ್ ಹಾಕಿರೋ ಬಾಗಿಲುಗಳಿವೆ. ಐದನೇ ಬಾಗಿಲು ತಟ್ಟಿದ್ರೆ ಬೆಲ್ಲು ಅಂತ ತಿಳ್ಕೊಳ್ಳುತ್ತೆ."

"ಯಾರು ತಟ್ಟಿದ್ರು ಅಂತ ನೋಡಂಗಿಲ್ಲ?"

"ನೋಡೋಕೆ ಬರಲ್ಲ. ಆಗ ಆ ಬಾಗಿಲಿಗೆ ಬೇರೆ ಯಾರೂ ಬರೋ ದಾರೀನೇ ಇರ್ಲಿಲ್ಲ. ತಾಮ್ರದ ತಂತಿ ಒಂದೇ."

ನಮ್ಮ ಕಡೆ ಹಗಲುವೇಷದವರು ಬರುತ್ತಾರೆ. ಪೊಲೀಸಿನ ವೇಷ ಹಾಕಿಕೊಂಡು ಬಂದು ಬಾಗಿಲು ತಟ್ಟಿದರೆ, ಕಣ್ಣು ಮಂಜಾದ ಮುದುಕಿ ನಡುಗಿಬಿಡುತ್ತಾಳೆ. ಡಬ್ಬಿ ಅಂಥ ವೇಷಗಾರ, ಪ್ರೋಗ್ರಾಮು ಅಂಥ ಮುದುಕಿ. ವೇಷ ತಪ್ಪಲ್ಲ, ಅದು ಅವರ ಹೊಟ್ಟೆಪಾಡು. ಆದರೆ ವೇಷದ ಪೊಲೀಸು ನಿಜವಾಗಿ ಒಬ್ಬನನ್ನು ಜೈಲಿಗೆ ಹಾಕಬಾರದು.

"ತಟ್ಟಲಿಲ್ಲ ಅಂದ್ರ? ಬೆಲ್ಲು ಬರಲೇ ಇಲ್ಲ ಅಂದ್ರ?"

ಅವಳು ತುತ್ತು ನುಂಗಿದಳು. "ಈಗ ಲೆವೆಲ್ಲುಗಳಿಂದ ಸೂಚನೆ ತಂತಿ ಇಲ್ದೆ ಗಾಳೀಲಿ ಬರುತ್ತೆ. ಕೆಲವು ಸಲ ತಡ ಆಗುತ್ತೆ. ಹಳೇದು ಕಾದು ಕಾದು ಸಿಕ್ಕಿಹಾಕ್ಕೊಳ್ಳುತ್ತೆ, ಇಡೀ ಯಂತ್ರ ನಿಲ್ಲುತ್ತೆ. ಹಂಗಾಗಬಾರದು ಅಂತ ಒಂದು ಸೆಟ್ಟಿಂಗ್ ಇದೆ. ಇಪ್ಪತ್ತು ಸೆಕೆಂಡಿನಲ್ಲಿ ಉತ್ತರ ಬರದಿದ್ರೆ, ಬಂದಿದೆ ಅಂತ ತಿಳ್ಕೋ ಅಂತ."

ಖಾಜಾ ತಿರುಗಿ ಕೂತ. "ಏನಂದ್ರಿ?"

"ಅಂದ್ರೆ... ಡಬ್ಬೀನೇ ಮೂರು ಬೆಲ್ಲು ಕೊಟ್ಟುಬಿಡುತ್ತೆ."

"ಇದನ್ನ ಯಾರು ಹಾಕಿದ್ರು?"

"ಮ್ಯಾನೇಜರ್ ಸಾರ್ ಕೇಳಿದ್ರು. ನಾನು ಹಾಕ್ದೆ." ಅವಳು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. "ಹಳೇ ಪುಸ್ತಕದಲ್ಲಿ ಐದನೇ ಸಾಧನ ಅಂತಷ್ಟೇ ಇದೆ ಅಮ್ಮಾ. ಒಂದು ಸ್ವಿಚ್ಚು ಅಂದ್ಕೊಂಡಿದ್ದೆ. ಅದರ ಹಿಂದೆ ಒಬ್ಬ ಮನುಷ್ಯ ನಿಂತಿರ್ತಾನೆ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ."

ಇಪ್ಪತ್ತಾರು ವರ್ಷ ನಾನು ಐದನೇ ಸಾಧನ. ಮೌನೇಶ ಐದನೇ ಸಾಧನ. ಸಾಧನ ಕೆಟ್ಟರೆ ಅದರ ಬದಲು ವೇಷಗಾರನನ್ನು ನಿಲ್ಲಿಸಬಹುದು. ವೇಷಗಾರ ತಪ್ಪಿದರೆ ಮಾತ್ರ ಸಾಧನ ಮತ್ತೆ ಮನುಷ್ಯನಾಗುತ್ತದೆ, ಅದರ ಮೇಲೆ ಕೇಸು ಬೀಳುತ್ತದೆ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುತ್ತಿದ್ದೆ. ಹುಡುಗಿ ತಾನೇ ತಪ್ಪೊಪ್ಪಿಕೊಂಡಿದ್ದಳು, ಅದಕ್ಕೆ ನುಂಗಿಕೊಂಡೆ.

"ಹಂಗಾದ್ರ ಅಂದಿನ ಬೆಲ್ಲು ಡಬ್ಬೀದೋ ಮೌನೇಶಂದೋ ದಾಖಲೆದಾಗ ಗೊತ್ತಾಗ್ತದಲ್ಲ?"

"ಇಲ್ಲ. ಎರಡೂ ಒಂದೇ ಥರ ಬರೆಯುತ್ತೆ. ವ್ಯತ್ಯಾಸ ಗೊತ್ತಾಗದ ಹಾಗೆ ಮಾಡೋದೇ ನಮ್ಮ ಕೆಲಸ."

ಅವಳು ಪರದೆ ನನ್ನ ಕಡೆ ತಿರುಗಿಸಿದಳು. ಸಾಲು ಸಾಲು ಗೆರೆ. ಮೂರು ಗೆರೆ, ಮೂರು ಗೆರೆ. ಕೆಲವು ಗೆರೆಗಳ ಮುಂದೆ ಮಾತ್ರ ಸಾಸಿವೆ ಕಾಳಿನಂಥ ಒಂದು ಚುಕ್ಕಿ.

"ಇದೇನಿದು ಚುಕ್ಕಿ?"

"ಕಸ. ಬೆಲ್ಲಿನ ಗುಂಡಿಯಲ್ಲಿ ಧೂಳು ಕೂತು ಹಂಗೆ ಬರುತ್ತೆ. ಪ್ರೋಗ್ರಾಮ್ ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ."

ನಾನು ಸ್ಟೂಲಿನಿಂದ ಎದ್ದು ನಿಂತೆ.

ನಾನು ಕೆಲಸಕ್ಕೆ ಸೇರುವ ಮುಂಚೆ ಹನ್ನೊಂದನೇ ಲೆವೆಲ್ಲಿಗೆ ನೀರು ನುಗ್ಗಿ ಒಂಬತ್ತು ಜನ ಸತ್ತಿದ್ದರು. ಏಳು ಹೆಣ ಸಿಕ್ಕವು. ಇಬ್ಬರು ಇನ್ನೂ ಅಲ್ಲೇ ಇದ್ದಾರೆ. ಅಂದಿನಿಂದ ಜನ ಮೇಲೆ ಹೋಗುವ ಮೂರು ಬೆಲ್ಲಿಗೆ ಮುಂಚೆ ನಾವು ಗುಂಡಿಯನ್ನು ಒಮ್ಮೆ ಮೆಲ್ಲಗೆ ಮುಟ್ಟುತ್ತೇವೆ, ಒತ್ತುವುದಿಲ್ಲ. ನಾವು ಹೋಗಿಬರುತ್ತೇವೆ ಎಂದು ಆ ಇಬ್ಬರಿಗೆ ಹೇಳಿದ ಹಾಗೆ. ಸಪ್ಪಳವಾಗುವುದಿಲ್ಲ, ದೀಪ ಹತ್ತುವುದಿಲ್ಲ. ಯಾವ ಪುಸ್ತಕದಲ್ಲೂ ಬರೆದಿಲ್ಲ. ನನಗೆ ಕಲಿಸಿದವರು ಹೇಳಿಕೊಟ್ಟರು, ನಾನು ಮೌನೇಶನಿಗೆ ಹೇಳಿಕೊಟ್ಟೆ. ಯಾರಿಗೂ ಕೇಳಿಸದ ಆ ಮುಟ್ಟುವಿಕೆ ಯಂತ್ರಕ್ಕೆ ಕೇಳಿಸುತ್ತಿತ್ತು ಎಂದು ನನಗೆ ಅಂದೇ ಗೊತ್ತಾದದ್ದು.

"ಅದು ಕಸ ಅಲ್ಲವ್ವಾ," ಎಂದೆ. "ಅದು ಮನುಷ್ಯನ ಕೈ. ಹತ್ತು ನಲವತ್ತೆರಡು ತೆಗಿ."

ತೆಗೆದಳು. ಮೂರು ಗೆರೆ, ತೊಳೆದಿಟ್ಟ ಹಾಗೆ ಸ್ವಚ್ಛ. ಚುಕ್ಕಿ ಇರಲಿಲ್ಲ.

"ಡಬ್ಬಿ ಬಂದಾಗಿಂದ ಚುಕ್ಕಿ ಇಲ್ಲದ್ದು ಎಷ್ಟದಾವ, ಎಣಿಸು."

ಹನ್ನೊಂದು ತಿಂಗಳಲ್ಲಿ ನಾನೂರ ಹನ್ನೆರಡು.

ಖಾಜಾ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನಾನೂರ ಹನ್ನೆರಡು ಸಲ," ಎಂದ. "ಯಾರೂ ಹೇಳದೆ ನಾನು ಮಂದೀನ ಎಳದೀನಿ. ಯಾ ಅಲ್ಲಾ. ನಾನೂರ ಹನ್ನೊಂದು ಸಲ ಯಾರ ಕಾಲೂ ಹೊರಗಿರಲಿಲ್ಲ, ಅಷ್ಟ."

ತನಿಖೆ ಮುಂದಿನ ಸೋಮವಾರ ಹಾಜರಿ ಹಾಕುವ ಟೈಮ್ ಆಫೀಸಿನಲ್ಲಿ ನಡೆಯಿತು. ಸತ್ತವನ ಕಡೆಯವಳೆಂದು ಶರಣಮ್ಮ ಬಂದು ಮೂಲೆಯಲ್ಲಿ ಕೂತಿದ್ದಳು, ಗಂಡನಿಗೆ ಬೆನ್ನು ಹಾಕಿ. ಚುಕ್ಕಿಯ ವಿಷಯ ನಾನು ಹೇಳಿದೆ. ಸುಚೇತಾ ಸೆಟ್ಟಿಂಗಿನ ಹಾಳೆ ಇಟ್ಟಳು. ಅದರಲ್ಲಿ ನಾಡಗೌಡನ ಸಹಿಯಿತ್ತು. ಆ ಹಾಳೆ ಇಟ್ಟರೆ ಅವಳ ನೌಕರಿಗೆ ಕುತ್ತು ಎಂದು ಅವಳಿಗೂ ಗೊತ್ತಿತ್ತು.

ನಾಡಗೌಡ ಬೆವರಲಿಲ್ಲ. "ಸೆಟ್ಟಿಂಗ್ ಇರಬಹುದು. ಅಂದು ಅದೇ ಬೆಲ್ ಕೊಟ್ಟದ ಅನ್ನಾಕ ಏನು ಸಾಕ್ಷಿ? ಈ ಮುಟ್ಟೂ ಕತಿ ಈಗ ಕಟ್ಟ್ಯಾರ. ರೂಲ್ ಬುಕ್ಕಿನಾಗ ಮೂರು ಬೆಲ್ ಅಂತ ಅದ. ಮೊದಲು ದೆವ್ವಕ್ಕ ಕೈ ಮುಗಿ ಅಂತ ಎಲ್ಲೈತಿ?"

ತನಿಖಾಧಿಕಾರಿ ಮೆತ್ತಗಿನ ಮನುಷ್ಯ. ಒಂದು ಬೆಲ್ಲಿನ ಗುಂಡಿ ತರಿಸಿ, ದಾಖಲೆಯ ಪರದೆಗೆ ಜೋಡಿಸಲು ಹೇಳಿದರು. ಮೌನೇಶನನ್ನು ಕರೆದು, "ಮುಟ್ಟಬೇಡ. ಸೀದಾ ಮೂರು ಹೊಡಿ," ಎಂದರು.

ಹೊಡೆದ. ಚುಕ್ಕಿ ಬಂತು.

"ಮುಟ್ಟಬೇಡ ಅಂದೆನಲ್ಲ?"

"ಮುಟ್ಟಲಿಲ್ರೀ ಸಾಹೇಬ್ರ."

ಹತ್ತು ಸಲ ಹೊಡೆಸಿದರು. ಹತ್ತು ಸಲವೂ ಚುಕ್ಕಿ. ಆರನೇ ಸಲಕ್ಕೆ ಅವನು ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು ಹೊಡೆದ. ಆಗಲೂ ಬಂತು.

"ನಾಟಕ," ಎಂದ ನಾಡಗೌಡ. "ಏನು ಬೇಕಂತ ಅಂವಗ ಗೊತ್ತದ."

"ಹಂಗಾದ್ರ ಗೊತ್ತಿಲ್ಲದವರನ್ನ ಕರೀರಿ," ಎಂದೆ. "ಈಗ ಶಿಫ್ಟು ಮುಗಿಸಿ ಮ್ಯಾಲ ಬರ್ತಾರ. ನಿಮ್ಮ ಮಂದೀನ ಕಳಿಸಿ ಕರಸ್ರಿ. ನಾವ್ಯಾರೂ ಕುರ್ಚಿ ಬಿಟ್ಟು ಏಳಂಗಿಲ್ಲ."

ಮೂವರು ಬೆಲ್ಲಿನವರು ಬಂದರು, ಮೈಯೆಲ್ಲ ಕಲ್ಲಿನ ಹಿಟ್ಟು. ಇದು ಏನು, ಯಾಕೆ ಎಂದು ಅವರಿಗೆ ಗೊತ್ತಿರಲಿಲ್ಲ. ಕೊನೆಯವಳು ನಾಗಲಿಂಗಿ, ಸೇರಿ ಎಂಟು ತಿಂಗಳಾಗಿತ್ತು. ಹೊಡೆದಳು. ಚುಕ್ಕಿ, ಮೂರು ಗೆರೆ.

"ಮೊದಲು ಏನು ಮುಟ್ಟಿದಿ?" ಎಂದು ಅಧಿಕಾರಿ ಕೇಳಿದರು.

"ಯಾವುದ್ರೀ? ನಾ ಏನೂ ಮುಟ್ಟಿಲ್ಲಲ್ರೀ!" ಎಂದು ಅವಳು ಹೆದರಿ ಕೈ ಹಿಂದಕ್ಕೆ ಎಳೆದುಕೊಂಡಳು. "ಏನಾರ ಕಳುವಾಗೇತೇನ್ರೀ?"

ಶರಣಮ್ಮ ಮೊದಲ ಬಾರಿಗೆ ಈ ಕಡೆ ತಿರುಗಿದಳು. ಗಂಡನ ಮುಖ ನೋಡಲಿಲ್ಲ, ಅವನ ಕೈ ನೋಡಿದಳು.

ಮೌನೇಶನ ಮೇಲಿನ ಕೇಸು ಬಿದ್ದುಹೋಯಿತು. ಹುಸೇನಪ್ಪನ ಮನೆಗೆ ಅರವತ್ತು ಲಕ್ಷ ಬಂತು. ವರದಿಯಲ್ಲಿ ಮಾತ್ರ 'ಸಂಕೇತ ವ್ಯವಸ್ಥೆಯ ವಿಳಂಬ' ಎಂದು ಬರೆದರು. ವಿಳಂಬ! ಬಾರದ ಬೆಲ್ಲು ಹೊಡೆದದ್ದು ವಿಳಂಬವಂತೆ. ಸಹಿ ಹಾಕಿದವನ ಹೆಸರು ಎಲ್ಲೂ ಇರಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಮೂರು ವಾರಕ್ಕೆ ಸುಚೇತಾ ಫೋನ್ ಮಾಡಿದಳು.

"ಅಮ್ಮಾ, ಒಂದು ಮಾತು ಹೇಳ್ಬೇಕು. ಇಪ್ಪತ್ತು ಸೆಕೆಂಡನ್ನ ನಲವತ್ತೈದು ಮಾಡಿ ಅಂತ ಮ್ಯಾನೇಜರ್ ಸಾರ್ ಅಂದ್ರು, ಮಾಡ್ದೆ. ಇನ್ನೊಂದು ಹೇಳಿದ್ದಾರೆ. ಡಬ್ಬಿ ಕೊಡೋ ಬೆಲ್ಲಿಗೂ ಮುಂದೆ ಚುಕ್ಕಿ ಹಾಕ್ಬೇಕಂತೆ."

"ಯಾಕ?"

"ದಾಖಲೆ ಒಂದೇ ಥರ ಇರ್ಲಿ ಅಂತ. ನಾನು ಹಾಕದಿದ್ರೆ ಬೇರೆಯವರು ಹಾಕ್ತಾರೆ. ಸೋಮವಾರದಿಂದ ಶುರು."

ಆ ಹೊತ್ತಿಗೆ ಬಂದ ಸಿಟ್ಟು ನನಗೆ ಜೀವನದಲ್ಲಿ ಮತ್ತೆಂದೂ ಬಂದಿಲ್ಲ. ನಮ್ಮ ಕೂಲಿ ಕಡಿಮೆ ಮಾಡಿದರು, ಸಹಿಸಿದೆವು. ನಮ್ಮ ಜಾಗದಲ್ಲಿ ಡಬ್ಬಿ ಇಟ್ಟರು, ಸಹಿಸಿದೆವು. ಈಗ ನೀರಿನಲ್ಲಿ ಉಳಿದ ಇಬ್ಬರಿಗೆ ನಾವು ಹೇಳುವ ಮಾತನ್ನು ಕದ್ದು, ಅದನ್ನೇ ನಮ್ಮ ಮೇಲೆ ಸುಳ್ಳು ಸಾಕ್ಷಿಗೆ ನಿಲ್ಲಿಸುತ್ತಾರಂತೆ.

"ಹಾಕವ್ವಾ," ಎಂದೆ. "ಚಂದಾಗಿ ಹಾಕು. ಸೋಮವಾರ ತಪ್ಪಿಸಬ್ಯಾಡ."

ಸೋಮವಾರ ಬೆಳಗಿನ ಶಿಫ್ಟಿಗೆ ಮೂವತ್ತಾರು ಮಂದಿ ಬೆಲ್ಲಿನವರು, ನಾನೂರು ಮಂದಿ ಕೆಲಸದವರು ಕೇಜು ಇಳಿಯುವ ಶಾಫ್ಟಿನ ಬಾಯಿ ಸುತ್ತ ಬುತ್ತಿ ಬಿಚ್ಚಿ ಕೂತೆವು. ಕೆಳಗೆ ಒಬ್ಬರೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಎಲ್ಲರೂ ನೆಲದ ಮೇಲೆ ಇದ್ದೇವೆ ಎಂದು ಬರೆಸಿ, ಟೈಮ್ ಕೀಪರನ ಸಹಿ ಹಾಕಿಸಿಕೊಂಡೆವು. ಶಿಫ್ಟಿನ ಪಟ್ಟಿಯಂತೆ ಕೇಜು ತಾನೇ ಲೆವೆಲ್ಲಿಗೆ ಇಳಿಯಿತು, ನಿಂತಿತು, ಕಾಯಿತು. ನಲವತ್ತೈದು ಎಣಿಸಿದ ಮೇಲೆ ಪರದೆಯಲ್ಲಿ ಚುಕ್ಕಿ, ಮೂರು ಬೆಲ್ಲು. ಒಳಗೆ ಖಾಜಾ ಹಿಡಿಕೆ ಎಳೆದ.

ನಾಡಗೌಡ ಓಡಿ ಬಂದ. "ಯಾಕ ಎಳ್ಯಾಕತ್ತೀಯೋ? ಒಳಗ ಯಾರದಾರ?"

"ಬೆಲ್ ಬಂತಲ್ರೀ ಸಾಹೇಬ್ರ. ಬೆಲ್ ಬಂದ್ರ ಎಳೀಬೇಕು, ರೂಲು. ಯಂತ್ರ ಸುಳ್ಳು ಹೇಳ್ತದೇನ್ರೀ? ಅದಕ್ಕ ಬೀಗರಿಲ್ಲ, ಬಿಜ್ಜರಿಲ್ಲ."

ಖಾಲಿ ಕೇಜು ಬಂತು, ಹೋಯಿತು. ಬಂದಾಗಲೆಲ್ಲ ನಮ್ಮ ಮಂದಿ ಎದ್ದು ನಿಂತು, "ಬರ್ರಿ, ಬರ್ರಿ, ಆರಾಮದೀರಾ? ಬುತ್ತಿ ಉಂಡ್ರಾ?" ಎಂದು ಖಾಲಿ ಕೇಜಿಗೆ ಕೈ ಮುಗಿಯುತ್ತಿದ್ದರು. ಮಧ್ಯಾಹ್ನ ಎರಡಕ್ಕೆ, ನಾವು ಮೊದಲೇ ಕರೆದಿದ್ದ ಆ ಮೆತ್ತಗಿನ ಅಧಿಕಾರಿ ಬಂದಿಳಿದರು. ಒಂದು ಕೈಯಲ್ಲಿ ಹಾಜರಿ ಪುಸ್ತಕ ಕೊಟ್ಟೆವು, ಇನ್ನೊಂದರಲ್ಲಿ ಅಂದಿನ ದಾಖಲೆ. ಜನರನ್ನು ಮೇಲೆ ತಂದದ್ದು ಅರವತ್ತನಾಲ್ಕು ಬಾರಿ, ಅರವತ್ತನಾಲ್ಕಕ್ಕೂ ಚುಕ್ಕಿ. ನೆಲದ ಕೆಳಗೆ ಇದ್ದವರು ಸೊನ್ನೆ.

ಅವರು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಆಮೇಲೆ ನಾಡಗೌಡನನ್ನು ಕೇಳಿದರು: "ಈ ಅರವತ್ತನಾಲ್ಕು ಸಲ ಗುಂಡಿ ಮುಟ್ಟಿದವರು ಯಾರು? ಹೆಸರು ಹೇಳಿ, ಬರ್ಕೊಳ್ತೀನಿ."

ಅಂದು ಸಂಜೆಯೇ ಆ ಸೆಟ್ಟಿಂಗು ತೆಗೆಸಿದರು. ಈಗ ಬೆಲ್ಲು ಬರದಿದ್ದರೆ ಕೇಜು ಏಳುವುದಿಲ್ಲ. ದಿನಕ್ಕೆ ಎರಡು ಮೂರು ಸಲ ಯಂತ್ರ ಸಿಕ್ಕಿಕೊಂಡು ಹನ್ನೊಂದು ನಿಮಿಷ ನಿಲ್ಲುತ್ತದೆ, ನಾವು ಕತ್ತಲಲ್ಲಿ ಬೆವರುತ್ತ ಕಾಯುತ್ತೇವೆ. ಅದಿರು ಕಡಿಮೆಯಾಗಿ ಎಲ್ಲರ ಬೋನಸ್ಸು ಹೋಯಿತು. ನಾಡಗೌಡನಿಗೆ ಬೇರೆ ಗಣಿಗೆ ವರ್ಗವಾಯಿತು, ಅದೇ ಸಂಬಳಕ್ಕೆ. ಸುಚೇತಾಳ ನೌಕರಿ ಹೋಯಿತು; ಬೇರೆ ಸಿಕ್ಕಿದೆಯಂತೆ. ಗುಂಡಿಗಳನ್ನೆಲ್ಲ ಬದಲಿಸಿ ಗಟ್ಟಿ ಗುಂಡಿ ಹಾಕಿದ್ದಾರೆ. ಮೆಲ್ಲಗೆ ಮುಟ್ಟಿದರೆ ಈಗ ಯಂತ್ರಕ್ಕೆ ತಿಳಿಯುವುದಿಲ್ಲ.

ಶರಣಮ್ಮ ಈಗ ತಾಟನ್ನು ಗಂಡನ ಕೈಗೇ ಕೊಡುತ್ತಾಳೆ. ಮಾತೂ ಆಡುತ್ತಾಳೆ. ಅವಳ ಅಣ್ಣನ ಹೆಸರನ್ನು ಮಾತ್ರ ಆ ಮನೆಯಲ್ಲಿ ಇಬ್ಬರೂ ಎತ್ತುವುದಿಲ್ಲ. ಹುಸೇನಪ್ಪನಿಗೆ ಮೂವತ್ತೊಂಬತ್ತು ವರ್ಷವಾಗಿತ್ತು.